ಚುಕ್ಕಿ ಇಡಿ, ಗೆರೆ ಎಳೆಯಿರಿ: ಮನೆ ಸಾಮಾನುಗಳನ್ನು ಪೆನ್ನಲ್ಲಿ ಬಿಡಿಸುವುದು ಹೇಗೆ

ಪಿಯುಸಿಯಲ್ಲಿ ಬಯಾಲಜಿ ರೆಕಾರ್ಡ್ ಬರೆಯುತ್ತಿದ್ದಾಗ ದಾಸವಾಳದ ಹೂವನ್ನು ಒಂದೇ ಹಾಳೆಯಲ್ಲಿ ಐದು ಸಲ ಅಳಿಸಿ ಅಳಿಸಿ ಬಿಡಿಸಿದ್ದೆ. ಕೊನೆಗೆ ಕಾಗದವೇ ತೂತಾಯಿತು. ಆವತ್ತು ಪೆನ್ಸಿಲ್ ಕೆಳಗಿಟ್ಟವನು ಇಪ್ಪತ್ತೆರಡು ವರ್ಷ ಮತ್ತೆ ಚಿತ್ರದ ತಂಟೆಗೆ ಹೋಗಲಿಲ್ಲ. ಅದಕ್ಕೆ ಮುಂಚೆ ಹಾಗಿರಲಿಲ್ಲ. ಹೈಸ್ಕೂಲಿನಲ್ಲಿ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ನೋಟ್‌ಬುಕ್ಕುಗಳ ಹಿಂದಿನ ಪುಟಗಳೆಲ್ಲ ಬಸ್ಸು, ಹಸು, ಮೇಷ್ಟ್ರ ಕನ್ನಡಕಗಳಿಂದ ತುಂಬಿಹೋಗಿದ್ದವು.

ಮತ್ತೆ ಶುರುವಾದದ್ದು ಅಡುಗೆಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಹುಯ್ದು, ಡಿಕಾಕ್ಷನ್ ಇಳಿಯಲಿ ಅಂತ ಕಾಯುತ್ತಿದ್ದೆ. ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಕಟ್ಟೆ ಮೇಲೆ ಒಂದು ಲಗ್ನಪತ್ರಿಕೆಯ ಕವರು, ಹಾಲಿನ ಲೆಕ್ಕ ಬರೆಯುವ ಬಾಲ್‌ಪೆನ್ನು ಇದ್ದವು. ಸುಮ್ನೆ ಕವರಿನ ಹಿಂದೆ ಫಿಲ್ಟರ್ ಬಿಡಿಸುತ್ತಾ ಹೋದೆ. ಒಂದು ಕಡೆ ವಾಲಿತು. ಮುಚ್ಚಳ ಜಾರಿದಂತೆ ಬಂತು. ಅಳಿಸುವುದಕ್ಕೆ ಏನೂ ಇರಲಿಲ್ಲ, ಮುಂದಕ್ಕೆ ಹೋದೆ. ಡಿಕಾಕ್ಷನ್ ಇಳಿದು ಮುಗಿಯುವ ಹೊತ್ತಿಗೆ ಚಿತ್ರವೂ ಮುಗಿದಿತ್ತು. ಆ ಕವರು ಇವತ್ತಿಗೂ ನನ್ನ ಹತ್ತಿರ ಇದೆ.

ಅವತ್ತಿನಿಂದ ಈಚೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಎಂದೋ ಚಿತ್ರ ಬಿಟ್ಟವರಿಗೆ ಇದು ಉಪಯೋಗಕ್ಕೆ ಬರಲಿ. ಬಣ್ಣ ಬೇಡ, ಬ್ರಷ್ ಬೇಡ. ಒಂದು ಪೆನ್ನು, ಒಂದಿಷ್ಟು ಕಾಗದ, ಎದುರಿಗೆ ಮನೆಯದೇ ಒಂದು ಸಾಮಾನು. ಮತ್ತೆ ಡಿಕಾಕ್ಷನ್ ಇಳಿಯುವಷ್ಟು ಹೊತ್ತು, ಅಂದರೆ ಹದಿನೈದು ಇಪ್ಪತ್ತು ನಿಮಿಷ.

ಪೆನ್ನೇ ಯಾಕೆ?

ಪೆನ್ಸಿಲ್ ಕೈಯಲ್ಲಿದ್ದರೆ ಅರ್ಧ ಮನಸ್ಸು ರಬ್ಬರಿನ ಮೇಲೇ ಇರುತ್ತದೆ. ಒಂದು ಗೆರೆ ಎಳೆಯುವುದು, ಸರಿಯಿಲ್ಲ ಅನ್ನಿಸುವುದು, ಅಳಿಸುವುದು. ಹತ್ತು ನಿಮಿಷ ಕಳೆದರೂ ತಂಬಿಗೆಯ ಬಾಯಿ ಬಿಟ್ಟು ಕೆಳಗೆ ಇಳಿದಿರುವುದಿಲ್ಲ. ಪೆನ್ನಿನಲ್ಲಿ ಆ ದಾರಿಯೇ ಮುಚ್ಚಿರುತ್ತದೆ. ಎಳೆದ ಗೆರೆ ಇದ್ದೇ ಇರುತ್ತದೆ ಅಂತ ಗೊತ್ತಿರುವುದರಿಂದ, ಎಳೆಯುವ ಮುಂಚೆ ಒಂದು ಗಳಿಗೆ ಜಾಸ್ತಿ ನೋಡುತ್ತೀರಿ. ನನಗೆ ಖುಷಿ ವಾಪಸ್ ಬಂದದ್ದು ಆ ನೋಡುವುದರಲ್ಲಿ. ಹನ್ನೊಂದು ವರ್ಷದಿಂದ ದಿನಾ ಮುಟ್ಟುತ್ತಿದ್ದ ಫಿಲ್ಟರಿನ ಮುಚ್ಚಳದ ಗುಂಡಿ ಎಡಗಡೆಗೆ ವಾಲಿದೆ ಅಂತ ನನಗೆ ಗೊತ್ತಾದದ್ದೇ ಆ ಭಾನುವಾರ.

ಅಳಿಸದೆ ಬಿಡಿಸುವುದು ನಮಗೆ ಹೊಸದಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವವರನ್ನು ಗಮನಿಸಿ ನೋಡಿ. ಮೊದಲು ಚುಕ್ಕಿ. ಏಳು ಚುಕ್ಕಿ, ಏಳು ಸಾಲು. ಆಮೇಲೆ ಎಳೆ. ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಉದುರುತ್ತಾ ಇರುವಾಗ ಕೈ ನಿಲ್ಲುವುದಿಲ್ಲ. ಎಲ್ಲೋ ಒಂದು ಬಳುಕು ದೊಡ್ಡದಾಯಿತು ಅಂದರೆ ನಮ್ಮಮ್ಮ ಒರೆಸುವುದು ಅಪರೂಪ. ಪಕ್ಕದ ಬಳುಕನ್ನೂ ಅಷ್ಟೇ ದೊಡ್ಡದು ಮಾಡಿ ಸರಿದೂಗಿಸುತ್ತಾಳೆ. ನಾನು ಕೆಳಗೆ ಹೇಳುವ ವಿಧಾನಕ್ಕೆಲ್ಲ ಇದೇ ಮೂಲ: ಮೊದಲು ಚುಕ್ಕಿ, ಆಮೇಲೆ ಗಟ್ಟಿ ಮನಸ್ಸಿನ ಗೆರೆ.

ಮಸಿ ಅನ್ನುವ ಮಾತನ್ನೇ ನೋಡಿ. ಪಾತ್ರೆಯ ತಳಕ್ಕೆ ಹಿಡಿಯುವ ಕಪ್ಪೂ ಮಸಿಯೇ, ಬರೆಯುವ ಶಾಯಿಯೂ ಮಸಿಯೇ. ಹಿಂದೆ ದೀಪದ ಕಾಡಿಗೆಯಿಂದಲೇ ಮಸಿ ಮಾಡುತ್ತಿದ್ದರು. ಅಡುಗೆಮನೆಯ ಸಾಮಾನನ್ನು ಮಸಿಯಲ್ಲಿ ಬಿಡಿಸುವುದು ಒಂದು ಲೆಕ್ಕಕ್ಕೆ ಮಸಿಯನ್ನು ಅದರ ತವರಿಗೆ ಕರೆದುಕೊಂಡು ಹೋದಂತೆ. ಇನ್ನು ಅಳಿಸಲಾಗದ ಶಾಯಿ ಅಂದರೆ ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿಸಿದ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ 1962ರ ಚುನಾವಣೆಯಿಂದ ಈಚೆಗೆ ಮತದಾರರ ಬೆರಳಿನ ಶಾಯಿ ಹೋಗುತ್ತಿದೆ. ಅಳಿಸಿಹೋಗುವುದಿಲ್ಲ ಅನ್ನುವ ಒಂದೇ ಗುಣಕ್ಕೆ ಅದಕ್ಕೆ ಅಷ್ಟು ಬೆಲೆ.

ಏನು ಬಿಡಿಸಲಿ ಅಂತ ಕೇಳುವವರಿಗೆ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಬಾಲ್ಯ ಸಾಕು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಮನೆಯ ಕಿಟಕಿಯಾಚೆ ಕಂಡದ್ದನ್ನೇ ಬಿಡಿಸುತ್ತಿದ್ದರು. ಒಣಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಎದುರು ಮನೆಯ ಸೂರಿನ ಮೇಲೆ ಕೂತ ಕಾಗೆ. ಆ ಕಾಗೆಯನ್ನು ಜೀವನಪೂರ್ತಿ ಬಿಡಲಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯವರಾದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ಸಿಕ್ಕರೆ ಅದನ್ನೂ ನಿಧಾನವಾಗಿ ನೋಡಿ. ಕುಣಿಯುವವರ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದಿದ್ದಾರೆ. ಒಂದೊಂದು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ಹಿಂಬಾಲಿಸಬಹುದು.

ಪೆನ್ನು, ಕಾಗದ

ಇದಕ್ಕಾಗಿ ಅಂಗಡಿಗೆ ಓಡಬೇಡಿ. ಮೊದಲ ಹತ್ತು ಚಿತ್ರಗಳಿಗೆ ಮನೆಯಲ್ಲಿರುವ ಬಾಲ್‌ಪೆನ್ನೇ ಸಾಕು. ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಶದ್ದು, ಗಟ್ಟಿ. ಹಗುರವಾಗಿ ಹಿಡಿದರೆ ಪೆನ್ಸಿಲಿನ ಹಾಗೆ ತೆಳು ಗೆರೆ ಬರುತ್ತದೆ, ಒತ್ತಿದರೆ ಕಪ್ಪಾಗುತ್ತದೆ. ಬೇರೆ ಪೆನ್ನುಗಳಲ್ಲಿ ಈ ಏರಿಳಿತ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ತೊಂದರೆ ಒಂದೇ, ತುದಿಯಲ್ಲಿ ಶಾಯಿಯ ಗಂಟು ಕಟ್ಟುತ್ತದೆ. ಪಕ್ಕದಲ್ಲಿ ಒಂದು ಚೂರು ಕಾಗದ ಇಟ್ಟುಕೊಂಡು ಆಗಾಗ ತುದಿ ಒರೆಸಿ.

ಜೆಲ್ ಪೆನ್ನಿನ ಗೆರೆ ಗಾಢವಾಗಿ ಬರುತ್ತದೆ, ಆದರೆ ಒಣಗುವುದು ನಿಧಾನ. ಎಡಗೈಯವರಾದರೆ ಅಂಗೈಗೆಲ್ಲ ಮೆತ್ತಿಕೊಳ್ಳುತ್ತದೆ. ಅಂಥವರು ಚಿತ್ರವನ್ನು ಬಲಗಡೆಯಿಂದ ಶುರು ಮಾಡಬೇಕು, ಇಲ್ಲವೇ ಕೈ ಕೆಳಗೊಂದು ಕಾಗದ ಇಟ್ಟುಕೊಳ್ಳಬೇಕು.

ಇಂಕ್ ಪೆನ್ನು ನನಗೆ ತುಂಬ ಇಷ್ಟ. ನಿಬ್ಬು ಕಾಗದದ ಮೇಲೆ ಹೋಗುವ ಸದ್ದೇ ಬೇರೆ. ಬಾಟ್ಲಿಯಲ್ಲಿ ಸಿಗುವ ಮಾಮೂಲಿ ರಾಯಲ್ ಬ್ಲೂ ಶಾಯಿ ನೀರಿಗೆ ಕರಗುತ್ತದೆ. ಅದು ದೋಷ ಅಲ್ಲ. ಗೆರೆ ಎಳೆದ ಮೇಲೆ ಒದ್ದೆ ಬೆರಳಿನಿಂದ ಸವರಿದರೆ ಅದೇ ನೀಲಿ ನೆರಳಾಗಿ ಹರಡುತ್ತದೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಡ್ರಾಯಿಂಗಿಗೆ ಅಂತ ಮಾರುವ, ನೀರಿಗೆ ಕರಗದ ಇಂಡಿಯನ್ ಇಂಕನ್ನು ಇಂಕ್ ಪೆನ್ನಿಗೆ ತುಂಬಬಾರದು. ಅದರಲ್ಲಿ ಸಾಮಾನ್ಯವಾಗಿ ಅರಗು ಸೇರಿರುತ್ತದೆ. ಒಳಗೆ ಒಣಗಿತು ಅಂದರೆ ಪೆನ್ನು ಕಟ್ಟಿಕೊಂಡು ಹಾಳಾಗುತ್ತದೆ. ಅದನ್ನು ಅದ್ದಿ ಬರೆಯುವ ನಿಬ್ಬಿಗೆ, ಬ್ರಷ್ಷಿಗೆ ಇಟ್ಟುಕೊಳ್ಳಿ.

ನೀರಿಗೆ ಜಗ್ಗದ ಕಪ್ಪು ಗೆರೆಯೇ ಬೇಕು ಅಂದರೆ ಪಿಗ್ಮೆಂಟ್ ಶಾಯಿಯ (ಕರಗದ ಬಣ್ಣದ ಪುಡಿ ಬೆರೆಸಿದ ಶಾಯಿ) ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಪೆನ್ನು, ಕೊಳ್ಳಬಹುದು. ಜಪಾನಿನ ಸಕುರಾ ಕಂಪನಿ ಪಿಗ್ಮಾ ಶಾಯಿಯನ್ನು 1982ರಲ್ಲಿ ತಂದಿತು. ಅದರ ಮೈಕ್ರಾನ್ ಪೆನ್ನುಗಳ ಮೇಲಿನ ನಂಬರು ನೋಡಿ ಗೊಂದಲವಾಗುವುದು ಸಹಜ. 01 ಅಂದರೆ 0.25 ಮಿಲಿಮೀಟರ್ ಗೆರೆ, 03 ಅಂದರೆ 0.35, 05 ಅಂದರೆ 0.45. ಇಡೀ ಸೆಟ್ ಕೊಳ್ಳಬೇಡಿ. 05 ಒಂದು ಸಾಕು. ತೀರಾ ಸಣ್ಣ ತುದಿ ತಗೊಂಡರೆ ಕೈಯೂ ಸಣ್ಣದಕ್ಕೆ ಕುಗ್ಗಿಬಿಡುತ್ತದೆ.

ಕಾಗದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಸಾಮಾನ್ಯವಾಗಿ 75 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 75 ಗ್ರಾಂ ತೂಕ, ಇರುತ್ತದೆ. ಬಾಲ್‌ಪೆನ್ನಿಗೆ ಅದು ಧಾರಾಳ. ಇಂಕ್ ಪೆನ್ನಾದರೆ 100ರ ಮೇಲೆ ಇರಲಿ, ಇಲ್ಲದಿದ್ದರೆ ಶಾಯಿ ಹಿಂದಕ್ಕೆ ಇಳಿಯುತ್ತದೆ, ಗೆರೆಯ ಅಂಚಿಗೆ ಮೀಸೆ ಬರುತ್ತದೆ. ನೀರು ಸವರುವುದಾದರೆ 200 ಅಥವಾ ಹೆಚ್ಚು. ದುಬಾರಿ ಸ್ಕೆಚ್ ಬುಕ್ ಶುರುವಿನಲ್ಲಿ ಬೇಡವೇ ಬೇಡ ಅಂತ ನಾನು ಹೇಳುತ್ತೇನೆ. ಚೆನ್ನಾಗಿರುವ ಪುಸ್ತಕ ಕೆಡಿಸುವುದಕ್ಕೆ ಮನಸ್ಸು ಬರುವುದಿಲ್ಲ, ಅದು ಬೀರುವಿನಲ್ಲೇ ಉಳಿಯುತ್ತದೆ.

ಕೈ ಸಡಿಲ ಮಾಡಿಕೊಳ್ಳಿ

ಎರಡು ನಿಮಿಷದ ಕೆಲಸ. ಒಂದು ರದ್ದಿ ಹಾಳೆಯಲ್ಲಿ ಎರಡು ಚುಕ್ಕಿ ಇಡಿ, ಒಂದಂಗುಲ ದೂರದಲ್ಲಿ. ಒಂದರಿಂದ ಇನ್ನೊಂದಕ್ಕೆ ಒಂದೇ ಸಲ ಗೆರೆ ಎಳೆಯಿರಿ. ಎಳೆಯುವಾಗ ಕಣ್ಣು ಪೆನ್ನಿನ ತುದಿಯ ಮೇಲೆ ಬೇಡ, ತಲುಪಬೇಕಾದ ಚುಕ್ಕಿಯ ಮೇಲೆ ಇರಲಿ. ಆಮೇಲೆ ಎರಡಂಗುಲ, ನಾಲ್ಕಂಗುಲ. ಉದ್ದ ಗೆರೆ ಎಳೆಯುವಾಗ ಮಣಿಕಟ್ಟು ಆಡಿಸಬೇಡಿ, ಮೊಣಕೈಯಿಂದ ಇಡೀ ಕೈ ಸರಿಯಲಿ. ಗೆರೆ ಚುಕ್ಕಿ ದಾಟಿ ಹೋದರೂ ಚಿಂತೆಯಿಲ್ಲ. ಕೂದಲು ಕೂದಲಾಗಿ, ತಡವಿ ತಡವಿ ಎಳೆಯುವ ಅಭ್ಯಾಸ ಬಿಟ್ಟರೆ ಸಾಕು.

ಕಾಗದ ನೋಡದೆ ಒಂದು ಚಿತ್ರ

ಇದನ್ನು ಮಾತ್ರ ಬಿಡಬೇಡಿ. ಒಂದು ತುಂಡು ಶುಂಠಿ ತಗೊಳ್ಳಿ. ಶುಂಠಿ ಯಾಕೆಂದರೆ ಅದಕ್ಕೆ ಸರಿಯಾದ ಆಕಾರ ಅಂತ ಒಂದಿಲ್ಲ, ನೀವು ಹೇಗೆ ಬಿಡಿಸಿದರೂ ಶುಂಠಿಯೇ. ಅದನ್ನು ಎದುರಿಗಿಟ್ಟು ಪೆನ್ನನ್ನು ಕಾಗದದ ಮೇಲೆ ಊರಿ. ಈಗ ಕಣ್ಣನ್ನು ಶುಂಠಿಯ ಅಂಚಿನ ಒಂದು ಜಾಗದಲ್ಲಿ ನಿಲ್ಲಿಸಿ. ಒಂದು ಇರುವೆ ಆ ಅಂಚಿನ ಮೇಲೆ ಹರಿದು ಹೋಗುತ್ತಿದೆ ಅಂದುಕೊಳ್ಳಿ. ಇರುವೆ ಎಷ್ಟು ನಿಧಾನವಾಗಿ ಹೋಗುತ್ತದೋ ಕಣ್ಣೂ ಅಷ್ಟೇ ನಿಧಾನ, ಪೆನ್ನೂ ಅಷ್ಟೇ ನಿಧಾನ. ಗಂಟು ಬಂದರೆ ಇರುವೆ ಹತ್ತಿ ಇಳಿಯುತ್ತದೆ. ಸಿಪ್ಪೆಯ ಮೇಲಿನ ಬಳೆ ಬಳೆ ಗೆರೆ ಬಂದರೆ ಅದರ ಜೊತೆ ಒಳಗೆ ಹೋಗಿ ವಾಪಸ್ ಬರುತ್ತದೆ. ಐದು ನಿಮಿಷ ಕಾಗದ ನೋಡಬೇಡಿ, ಪೆನ್ನು ಎತ್ತಬೇಡಿ.

ಬಂದ ಚಿತ್ರ ಶುಂಠಿಯ ಹಾಗೆ ಕಾಣುವುದಿಲ್ಲ. ತುದಿಗಳು ಕೂಡುವುದಿಲ್ಲ, ಒಂದು ಗಂಟು ಎಲ್ಲೋ ಹೋಗಿರುತ್ತದೆ. ಆದರೆ ಅದರಲ್ಲಿನ ಒಂದು ಸಣ್ಣ ತಿರುವನ್ನು ಬೆರಳಿಟ್ಟು ನೋಡಿ. ಅಷ್ಟು ನಿಜವಾದ ತಿರುವನ್ನು ಊಹೆಯಿಂದ ಎಳೆಯುವುದಕ್ಕೆ ಆಗುವುದಿಲ್ಲ. ನಮ್ಮ ತಲೆಯಲ್ಲಿ ಪ್ರತಿ ವಸ್ತುವಿಗೂ ಒಂದು ರೆಡಿಮೇಡ್ ಚಿತ್ರ ಇರುತ್ತದೆ. ತಂಬಿಗೆ ಅಂದ ತಕ್ಷಣ ಕೈ ಕಲಶ ಬಿಡಿಸುತ್ತದೆ, ಮಾವಿನಕಾಯಿ ಅಂದರೆ ಸೀರೆ ಸೆರಗಿನ ಮಾವಿನಕಾಯಿ ಬರುತ್ತದೆ. ಆ ರೆಡಿಮೇಡ್ ಚಿತ್ರವನ್ನು ಪಕ್ಕಕ್ಕೆ ಸರಿಸುವುದಕ್ಕೆ ನನಗೆ ಸಿಕ್ಕ ಅತಿ ಸುಲಭದ ಉಪಾಯ ಇದು. ಈಗಲೂ ಒಳ್ಳೆಯ ಚಿತ್ರ ಬಿಡಿಸಬೇಕು ಅನ್ನಿಸಿದ ದಿನ ಮೊದಲು ಹೀಗೊಂದು ಕುರುಡು ಗೆರೆ ಎಳೆದುಕೊಳ್ಳುತ್ತೇನೆ.

ಈಗ ಕಾಫಿ ಫಿಲ್ಟರ್

ಸ್ಟೀಲಿನದೋ ಹಿತ್ತಾಳೆಯದೋ, ಯಾವುದಾದರೂ ಸರಿ. ಫಿಲ್ಟರ್ ಇಲ್ಲದ ಮನೆಯವರು ಚೊಂಬು, ಲೋಟ, ಡಬ್ಬಿ ಏನಾದರೂ ದುಂಡಗಿನದ್ದು ಇಟ್ಟುಕೊಳ್ಳಿ. ಕಿಟಕಿಯ ಪಕ್ಕ ಇಡಿ, ಬೆಳಕು ಒಂದೇ ಕಡೆಯಿಂದ ಬೀಳಲಿ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಬಿಡಿಸಿದರೆ ನೆರಳೆಲ್ಲ ಮಂಕಾಗಿ ಎಲ್ಲ ಒಂದೇ ಸಮ ಕಾಣುತ್ತದೆ. ಆಗ ಮೇಜಿನ ದೀಪವೊಂದನ್ನು ಪಕ್ಕದಿಂದ ಬಿಟ್ಟು, ಬೇರೆ ದೀಪ ಆರಿಸಿ.

ಮೊದಲು ಅಳತೆ. ಪೆನ್ನನ್ನು ಕೈಚಾಚಿ ಹಿಡಿಯಿರಿ, ಮೊಣಕೈ ನೆಟ್ಟಗಿರಲಿ, ಒಂದು ಕಣ್ಣು ಮುಚ್ಚಿ. ಪೆನ್ನಿನ ತುದಿ ಫಿಲ್ಟರಿನ ಎಡ ಅಂಚಿಗೆ, ಹೆಬ್ಬೆರಳಿನ ಉಗುರು ಬಲ ಅಂಚಿಗೆ ಬರುವ ಹಾಗೆ ಸರಿಸಿ. ಅದು ಅಗಲ. ಅದೇ ಅಳತೆಯನ್ನು ನೆಟ್ಟಗೆ ತಿರುಗಿಸಿ, ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತದೆ ನೋಡಿ. ನಮ್ಮ ಮನೆಯದರಲ್ಲಿ ಎರಡೂವರೆ ಸಲ ಹಿಡಿಸುತ್ತದೆ. ನಾನು ಅಲ್ಲಿಯವರೆಗೆ ಅದನ್ನು ಗಿಡ್ಡ ಅಂದುಕೊಂಡಿದ್ದೆ.

ಈಗ ಚುಕ್ಕಿ. ಕಾಗದದ ಮೇಲೆ ಎಲ್ಲಕ್ಕಿಂತ ಮೇಲೆ ಗುಂಡಿಗೆ ಒಂದು, ಕೆಳಗೆ ತಳಕ್ಕೆ ಒಂದು. ಮುಚ್ಚಳದ ಎರಡು ಅಂಚಿಗೆ ಒಂದೊಂದು. ಮೇಲಿನ ಪಾತ್ರೆ ಕೆಳಗಿನದರ ಮೇಲೆ ಕೂರುವ ಜಾಗದಲ್ಲಿ ಎರಡು ಕಡೆ ಒಂದೊಂದು. ತಳದ ಎರಡು ಅಂಚಿಗೆ ಒಂದೊಂದು. ಒಟ್ಟು ಎಂಟು ಚುಕ್ಕಿ. ಪೆನ್ನು ಸುಮ್ನೆ ತಾಗಿಸಿದರೆ ಸಾಕು, ಆಮೇಲೆ ಗೆರೆಯ ಕೆಳಗೆ ಮುಚ್ಚಿಹೋಗುತ್ತವೆ. ಹಿಂದಕ್ಕೆ ಸರಿದು ಒಮ್ಮೆ ನೋಡಿ. ವಾಲಿದೆ ಅನ್ನಿಸಿದರೆ ಬೇರೆ ಚುಕ್ಕಿ ಇಡಿ. ಗೆರೆ ಎಳೆಯುವ ಮುಂಚೆ ಮನಸ್ಸು ಬದಲಾಯಿಸುವುದು ಪುಕ್ಕಟೆ.

ಇನ್ನು ದುಂಡು. ದುಂಡಗಿನ ಪಾತ್ರೆ ಬಿಡಿಸುವವರು ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಒಂದು ಬಳೆ ತಗೊಂಡು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿಯಿರಿ. ಬರೀ ಒಂದು ಗೆರೆ ಕಾಣುತ್ತದೆ. ಹಾಗೇ ಕೆಳಗೆ ಇಳಿಸುತ್ತಾ ಹೋಗಿ. ಬಳೆ ನಿಧಾನವಾಗಿ ಬಾಯಿ ತೆರೆಯುತ್ತದೆ. ಸೊಂಟದ ಹತ್ತಿರ ಬರುವಾಗ ಹೆಚ್ಚುಕಡಿಮೆ ಪೂರ್ತಿ ದುಂಡು. ಫಿಲ್ಟರಿನಲ್ಲೂ ಇದೇ ನಡೆಯುತ್ತದೆ. ಮುಚ್ಚಳ ಕಣ್ಣಿಗೆ ಹತ್ತಿರದ ಮಟ್ಟದಲ್ಲಿದೆ, ಅದರ ದುಂಡು ಚಪ್ಪಟೆ. ನಡುವಿನ ಜೋಡಣೆಯ ದುಂಡು ಸ್ವಲ್ಪ ತೆರೆದಿದೆ. ತಳ ಎಲ್ಲಕ್ಕಿಂತ ಕೆಳಗಿದೆ, ಅದರ ಬಾಗು ಎಲ್ಲಕ್ಕಿಂತ ಜಾಸ್ತಿ. ನಾವು ಮಾಡುವ ತಪ್ಪು ಏನೆಂದರೆ, ಪಾತ್ರೆ ನೆಲದ ಮೇಲೆ ಸಪಾಟಾಗಿ ಕೂತಿದೆ ಅಂತ ಗೊತ್ತಿರುವುದರಿಂದ ತಳಕ್ಕೆ ನೇರ ಗೆರೆ ಎಳೆದುಬಿಡುತ್ತೇವೆ. ಬಾಯಿ ದುಂಡು, ತಳ ಸಪಾಟು. ಇಷ್ಟಕ್ಕೇ ಚಿತ್ರ ಕೆಡುತ್ತದೆ.

ಇನ್ನೊಂದು ತಪ್ಪು, ದುಂಡಿನ ಎರಡು ತುದಿ ಕರ್ಜಿಕಾಯಿಯ ಹಾಗೆ ಚೂಪಾಗುವುದು. ಓರೆಯಾಗಿ ಹಿಡಿದ ಬಳೆಗೆ ಮೂಲೆ ಇರುವುದಿಲ್ಲ, ತುದಿಯಲ್ಲೂ ನುಣ್ಣಗೆ ತಿರುಗುತ್ತದೆ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಗಾಳಿಯಲ್ಲೇ ಎರಡು ಮೂರು ಸುತ್ತು ತಿರುಗಿಸಿ, ಕೈಗೆ ಆ ಸುತ್ತು ಬಂದ ಮೇಲೆ ಹಾಗೇ ಇಳಿಸಿ. ಎರಡು ಸುತ್ತಿನ ಗೆರೆ ಬಂದರೂ ಪರವಾಗಿಲ್ಲ, ಚೆನ್ನಾಗಿಯೇ ಕಾಣುತ್ತದೆ.

ಮೇಲಿನಿಂದ ಕೆಳಗೆ ಬನ್ನಿ. ಗುಂಡಿ, ಮುಚ್ಚಳ, ಮೇಲಿನ ಪಾತ್ರೆಯ ಎರಡು ಪಕ್ಕ, ಜೋಡಣೆಯ ಅರ್ಧ ದುಂಡು, ಕೆಳಗಿನ ಪಾತ್ರೆ, ತಳ. ಪಕ್ಕದ ಗೆರೆಯನ್ನು ಚುಕ್ಕಿಯಿಂದ ಚುಕ್ಕಿಗೆ ಒಂದೇ ಉಸಿರಿಗೆ ಎಳೆಯಿರಿ. ಬೆಳಕು ಬೀಳುವ ಕಡೆ ಗೆರೆ ತೆಳುವಾಗಿರಲಿ, ಅಲ್ಲಲ್ಲಿ ಕಡಿದುಹೋದರೂ ಒಳ್ಳೆಯದೇ. ನೆರಳಿನ ಕಡೆ ಅದೇ ಗೆರೆಯ ಮೇಲೆ ಇನ್ನೊಂದು ಸಲ ಹೋಗಿ ದಪ್ಪ ಮಾಡಿ. ಸುತ್ತಲೂ ಒಂದೇ ದಪ್ಪದ ಗೆರೆ ಇದ್ದರೆ ತಗಡು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಪಕ್ಕದಲ್ಲಿ ಹಿಡಿ ಇರುವ ಕಪ್ಪೋ ಜಗ್ಗೋ ಇದ್ದರೆ ಒಂದು ಉಪಾಯ. ಹಿಡಿಯನ್ನು ಬಿಡಿಸುವ ಮುಂಚೆ ಹಿಡಿಯೊಳಗಿನ ಖಾಲಿ ಜಾಗವನ್ನು ನೋಡಿ. ಅದೊಂದು ವಸ್ತು ಅಂತಲೇ ತಿಳಿದು ಅದರ ಆಕಾರ ಬಿಡಿಸಿ. ಹಿಡಿ ತಾನಾಗಿಯೇ ಸರಿಯಾಗಿ ಬರುತ್ತದೆ. ಖಾಲಿ ಜಾಗಕ್ಕೆ ತಲೆಯಲ್ಲಿ ರೆಡಿಮೇಡ್ ಚಿತ್ರ ಇಲ್ಲ, ಅದಕ್ಕೇ ಕಣ್ಣು ಮೋಸ ಹೋಗುವುದಿಲ್ಲ.

ನೆರಳಿಗೆ ಗೀಟು

ಪೆನ್ನಿನಲ್ಲಿ ಬೂದು ಬಣ್ಣ ಇಲ್ಲ. ಗೀಟು ಹತ್ತಿರ ಹತ್ತಿರ ಎಳೆದರೆ ಕತ್ತಲು, ದೂರ ದೂರ ಎಳೆದರೆ ಮಬ್ಬು, ಎಳೆಯದೆ ಬಿಟ್ಟರೆ ಬೆಳಕು. ಶುರುವಿಗೆ ಈ ಮೂರೇ ಸಾಕು.

ಗೀಟುಗಳೆಲ್ಲ ಒಂದೇ ದಿಕ್ಕಿಗೆ ಇರಲಿ. ಬಲಗೈಯವರಿಗೆ ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಓರೆಯಾಗಿ ಎಳೆಯುವುದು ಸಲೀಸು. ಎಡಗೈಯವರಿಗೆ ಇದರ ಉಲ್ಟಾ. ಇನ್ನೂ ಕಪ್ಪು ಬೇಕೆಂದರೆ ಮೊದಲಿನದು ಒಣಗಿದ ಮೇಲೆ ಅದರ ಮೇಲೆ ಸ್ವಲ್ಪ ಬೇರೆ ಓರೆಯಲ್ಲಿ ಇನ್ನೊಂದು ಸಾಲು. ಪೂರ್ತಿ ಅಡ್ಡಡ್ಡ ಎಳೆದರೆ ಚದುರಂಗದ ಮನೆಯ ಹಾಗೆ ಆಗಿ, ಕಣ್ಣು ಪಾತ್ರೆ ಬಿಟ್ಟು ಆ ಚೌಕಗಳನ್ನೇ ನೋಡುತ್ತದೆ.

ಸ್ಟೀಲಿಗೆ ಮಾತ್ರ ಬೇರೆ ಲೆಕ್ಕ. ಮಣ್ಣಿನ ಮಡಕೆಯ ಮೇಲೆ ಬೆಳಕು ನಿಧಾನವಾಗಿ ನೆರಳಾಗುತ್ತದೆ. ಸ್ಟೀಲಿನ ಮೇಲೆ ಹಾಗಾಗುವುದಿಲ್ಲ. ಹತ್ತಿರ ಹೋಗಿ ನೋಡಿ. ಕಿಟಕಿ ಒಂದು ಉದ್ದನೆಯ ಬಿಳಿ ಪಟ್ಟಿಯಾಗಿದೆ. ಅದಕ್ಕೆ ಅಂಟಿಕೊಂಡೇ ಒಂದು ಕಡುಗಪ್ಪು ಪಟ್ಟಿ, ನಡುವೆ ಮಬ್ಬೇ ಇಲ್ಲ. ಆಮೇಲೆ ಗೋಡೆಯ ಬೂದು. ಅಂಚಿನಲ್ಲಿ ಕಡ್ಡಿಯಷ್ಟು ತೆಳುವಾಗಿ ನೀವೇ ಕೂತಿದ್ದೀರಿ. ಬಿಳಿಯನ್ನು ಹಾಗೇ ಬಿಟ್ಟು, ಪಕ್ಕದ ಪಟ್ಟಿಗೆ ಧೈರ್ಯವಾಗಿ ಪೂರ್ತಿ ಕಪ್ಪು ತುಂಬಿ. ಪಟ್ಟಿಗಳು ಪಾತ್ರೆಯ ಉದ್ದಕ್ಕೆ ನೆಟ್ಟಗೆ ಇಳಿಯಬೇಕು. ಇದನ್ನು ಮೊದಲ ಸಲ ಮಾಡಿದ ದಿನ ಸ್ಟೀಲು ಕಾಗದದ ಮೇಲೆ ಹೊಳೆದದ್ದು ನೋಡಿ ನಾನು ಹೆಂಡತಿಯನ್ನು ಕೂಗಿ ಕರೆದು ತೋರಿಸಿದ್ದೆ.

ಕೊನೆಗೆ ಕಟ್ಟೆಯ ಮೇಲೆ ಬಿದ್ದ ನೆರಳು. ಪಾತ್ರೆಯ ತಳಕ್ಕೆ ಅಂಟಿಕೊಂಡ ಜಾಗದಲ್ಲಿ ಅದು ಎಲ್ಲಕ್ಕಿಂತ ಕಪ್ಪಾಗಿರುತ್ತದೆ, ದೂರ ಹೋದ ಹಾಗೆ ತಿಳಿಯಾಗುತ್ತದೆ. ಇದನ್ನು ಹಾಕದಿದ್ದರೆ ಪಾತ್ರೆ ಗಾಳಿಯಲ್ಲಿ ತೇಲುತ್ತದೆ.

ಗೆರೆ ತಪ್ಪಿತು, ಈಗೇನು?

ತಪ್ಪಿದ ಗೆರೆಯನ್ನು ಗೀಚಿ ಮುಚ್ಚಬೇಡಿ, ಅದು ಇನ್ನೂ ಎದ್ದು ಕಾಣುತ್ತದೆ. ಪಕ್ಕದಲ್ಲೇ ಸರಿಯಾದ ಗೆರೆ ಎಳೆದು ಮುಂದೆ ಹೋಗಿ. ಎರಡೂ ಇರಲಿ. ನೆರಳಿನ ಗೀಟು ಬಂದ ಮೇಲೆ ಕಣ್ಣು ಸರಿಯಾದದ್ದನ್ನೇ ಆರಿಸಿಕೊಳ್ಳುತ್ತದೆ. ಶಾಯಿ ತೊಟ್ಟಿಕ್ಕಿದರೆ ಅದನ್ನು ನೆರಳಿನೊಳಗೆ ಸೇರಿಸಿಕೊಳ್ಳಿ. ಸೇರದ ಜಾಗದಲ್ಲಿ ಬಿದ್ದರೆ ಬಿಡಿ.

ಅರ್ಧದಲ್ಲಿ ಚಿತ್ರ ಹಾಳಾಯಿತು ಅನ್ನಿಸುವ ಗಳಿಗೆ ಪ್ರತಿ ಸಲವೂ ಬರುತ್ತದೆ. ನನಗೆ ಈಗಲೂ ಬರುತ್ತದೆ, ಸಾಮಾನ್ಯವಾಗಿ ಗೆರೆ ಮುಗಿದು ನೆರಳು ಶುರುವಾಗದ ಹೊತ್ತಿನಲ್ಲಿ. ಆಗ ನಿಲ್ಲಿಸಬೇಡಿ, ಹಾಳೆ ಹರಿಯಬೇಡಿ. ನೆರಳು ಹಾಕಿ ಮುಗಿಸಿ. ಮಾರನೇ ದಿನ ನೋಡಿದರೆ ನಿಮಗೇ ಬೇರೆ ಥರ ಕಾಣುತ್ತದೆ.

ಪುಟದ ಮೂಲೆಯಲ್ಲಿ ತಾರೀಕು ಹಾಕಿ, ಒಂದು ಸಾಲು ಬರೆಯಿರಿ. ಎಲ್ಲಿ ಕೂತಿದ್ದಿರಿ, ಏನು ಕೇಳಿಸುತ್ತಿತ್ತು ಅಂತ. ನನ್ನ ಒಂದು ಬೆಳ್ಳುಳ್ಳಿ ಚಿತ್ರದ ಕೆಳಗೆ "ಮಳೆ, ಪಕ್ಕದ ಮನೆ ಕುಕ್ಕರ್ ನಾಲ್ಕನೇ ವಿಷಲ್" ಅಂತ ಇದೆ. ಬೆಳ್ಳುಳ್ಳಿ ಹಾಗೆ ಹೀಗೆ ಬಂದಿದೆ, ಆದರೆ ಆ ಸಂಜೆ ಪೂರ್ತಿ ನೆನಪಾಗುತ್ತದೆ.

ಮುಂದಿನ ದಿನಗಳಿಗೆ

ದಿನಕ್ಕೊಂದರ ಹಾಗೆ ಮನೆಯೊಳಗೇ ಸುತ್ತಿ. ಬೀಗದ ಕೈ ಗೊಂಚಲು. ಕನ್ನಡಕ. ಮಡಚಿಟ್ಟ ಕೊಡೆ, ಅದರ ಮಡಿಕೆಗಳು ಗೀಟಿನ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಇಕ್ಕಳ. ಹಾಗಲಕಾಯಿ. ಹವಾಯಿ ಚಪ್ಪಲಿಯನ್ನು ಖಂಡಿತ ಬಿಡಿಸಿ, ಹೊಸದಲ್ಲ, ಹಿಮ್ಮಡಿ ಸವೆದದ್ದು. ಬೆರಳುಗಳ ಐದು ಕಪ್ಪು ಗುರುತು ಇರುತ್ತದಲ್ಲ, ಅದನ್ನು ಹಾಕಿದರೆ ಚಪ್ಪಲಿ ಯಾರದು ಅಂತ ಮನೆಯವರು ಹೇಳಿಬಿಡುತ್ತಾರೆ. ಸಾಂಬಾರ ಬಟ್ಟಲನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ, ಅದರೊಳಗೆ ಏಳೆಂಟು ಓರೆಬಳೆಗಳಿವೆ.

ಪೆನ್ನುಗಳ ಬಗ್ಗೆ ಎರಡು ಮಾತು. ಇಂಕ್ ಪೆನ್ನನ್ನು ತಿಂಗಳಿಗೊಮ್ಮೆ ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ನಿಬ್ಬು ಮೇಲಾಗಿ ನಿಲ್ಲಿಸಿಡಿ. ಚಿತ್ರಕ್ಕೆ ಫ್ರೇಮ್ ಹಾಕಿಸಿದರೆ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಬಾಲ್‌ಪೆನ್ನಿನ ಶಾಯಿ, ರಾಯಲ್ ಬ್ಲೂ ಎರಡೂ ಬೆಳಕಿಗೆ ಮಾಸುತ್ತವೆ.

ಒಂದು ತಿಂಗಳು ಆದಮೇಲೆ ಈಳಿಗೆಮಣೆಗೆ ಕೈ ಹಾಕಿ. ಅದು ನಿಜಕ್ಕೂ ಕಷ್ಟ. ಮಣೆ ಚೌಕ, ದೂರದ ಅಂಚು ಹತ್ತಿರದ ಅಂಚಿಗಿಂತ ಚಿಕ್ಕದಾಗಿ ಕಾಣುತ್ತದೆ. ಅಲಗು ಮೇಲಕ್ಕೆ ಎದ್ದು ಹಿಂದಕ್ಕೆ ಬಾಗುತ್ತದೆ, ತುದಿಯಲ್ಲಿ ಕಾಯಿ ತುರಿಯುವ ಹಲ್ಲುಗಳು. ನಾನು ಅದನ್ನು ಮೂರು ಸಲ ಬಿಡಿಸಿ, ಮೂರನೆಯದನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದಳು.

"ಚೆನ್ನಾಗಿದೆ ಕಣೋ. ಆದ್ರೆ ಅಲಗು ಮಧ್ಯದಲ್ಲಿ ಸವೆದು ಒಳಗೆ ಹೋಗಿದೆಯಲ್ಲ, ಅದನ್ನ ಹಾಕಿಲ್ಲ ನೀನು."

ಎದ್ದು ಹೋಗಿ ನೋಡಿದೆ. ನಿಜ. ನಲವತ್ತು ವರ್ಷದ ತರಕಾರಿಗೆ ಅಲಗಿನ ಹೊಟ್ಟೆ ಒಂದು ಬೆರಳಿನಷ್ಟು ಒಳಕ್ಕೆ ಬಾಗಿತ್ತು. ನಾನು ಅಂಗಡಿಯಲ್ಲಿ ಸಿಗುವ ಹೊಸ ಈಳಿಗೆಯ ಅಲಗು ಬಿಡಿಸಿದ್ದೆ. ವಾಪಸ್ ಬರುವಷ್ಟರಲ್ಲಿ ಅಮ್ಮ ಪೆನ್ನು ಕೈಗೆ ತಗೊಂಡಿದ್ದಳು. ಅಲಗಿನ ಮೇಲೆ ಒಂದು ಚುಕ್ಕಿ, ಕೆಳಗೆ ಒಂದು ಚುಕ್ಕಿ ಇಟ್ಟು, ನಡುವೆ ಒಳಗೆ ಬಾಗಿದ ಒಂದು ಗೆರೆ ಎಳೆದಳು, ಒಂದೇ ಸಲಕ್ಕೆ.